ಮೂರು ಸರ್ಕಾರ, ಒಂದು ಕಿರ್ದಿ

ಕಂಪ್ಲಿಯಲ್ಲಿ ಹರಿಗೋಲು ಹತ್ತಿ ತುಂಗಭದ್ರೆಯ ಆಚೆ ದಡಕ್ಕೆ ಇಳಿದರೆ ಒಂದು ಕಾಲಕ್ಕೆ ರೂಪಾಯಿಯೇ ಬೇರೆಯಾಗುತ್ತಿತ್ತು. ಈಚೆ ದಡ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ, ಇಲ್ಲಿ ನಡೆಯುತ್ತಿದ್ದದ್ದು ಇಂಗ್ಲಿಷರ ಕಲದಾರ್ ರೂಪಾಯಿ. ಆಚೆ ದಡ ನಿಜಾಮರ ಸೀಮೆ, ಅಲ್ಲಿ ಹಾಲಿ ಸಿಕ್ಕಾ. ನೂರು ಕಲದಾರಿಗೆ ಹೆಚ್ಚುಕಡಿಮೆ ನೂರಾ ಹದಿನಾರು ಹಾಲಿ. ಗಂಗಾವತಿ ಕಡೆಯ ರೈತನೊಬ್ಬ ಭತ್ತ ತಂದು ಕಂಪ್ಲಿಯ ಪೇಟೆಯಲ್ಲಿ ಹಾಕಿ, ಹಳೇ ಬಾಕಿ ಮುರಿಸಿ, ಉಳಿದ ದುಡ್ಡಿಗೆ ಸೀರೆ, ಉಪ್ಪು, ಬೆಲ್ಲ ಕಟ್ಟಿಸಿಕೊಂಡು ಹೋಗುವಾಗ ಅಂಗಡಿಯ ಗುಮಾಸ್ತ ಎರಡು ನಾಣ್ಯಗಳಲ್ಲಿ ಕೂಡಬೇಕು, ಎರಡರಲ್ಲೂ ಕಳೆಯಬೇಕು. ಹೊಳೆ ಒಂದೇ, ಮಾತು ಒಂದೇ, ಬೀಗರು ಎರಡೂ ದಡದಲ್ಲಿ. ಲೆಕ್ಕ ಮಾತ್ರ ಎರಡು.

ಬರೀ ನಾಣ್ಯವಾಗಿದ್ದರೆ ಹೇಗೋ ನಡೆಯುತ್ತಿತ್ತು, ಆದರೆ ವರ್ಷವೂ ಬೇರೆ. ಎರಡೂ ಸರ್ಕಾರಗಳು ಕಂದಾಯಕ್ಕೆ ಫಸಲಿ ವರ್ಷವನ್ನೇ ಹಿಡಿದಿದ್ದವು. ಮದ್ರಾಸಿನ ಫಸಲಿ ಜುಲೈ ಒಂದಕ್ಕೆ ಶುರು, ನಿಜಾಮರದು ಅಕ್ಟೋಬರಿಗೆ. ಹಾಗಾಗಿ 1937ರ ಆಗಸ್ಟಿನಲ್ಲಿ ಕಂಪ್ಲಿಯಲ್ಲಿ ಫಸಲಿ 1347 ನಡೆಯುತ್ತಿದ್ದರೆ ಗಂಗಾವತಿಯಲ್ಲಿ ಇನ್ನೂ 1346. ಇವೆರಡರ ನಡುವೆ ವ್ಯಾಪಾರಸ್ಥರ ಸ್ವಂತ ವರ್ಷ ಒಂದಿತ್ತು. ಅದು ಸಂವತ್ಸರದ ಹೆಸರಿನದು: ಈಶ್ವರ, ಬಹುಧಾನ್ಯ, ಪ್ರಮಾಥಿ ಎಂದು ಸಾಗುವಂಥದು. ಹೊಸ ಪುಸ್ತಕಕ್ಕೆ ಪೂಜೆ ಮಾಡುವುದು ದೀಪಾವಳಿಗೆ. ಕಂದಾಯದ ಗಡುವಿಗೆ ಫಸಲಿ, ಕೋರ್ಟಿನ ತಾರೀಖಿಗೆ ಇಂಗ್ಲಿಷ್ ಕ್ಯಾಲೆಂಡರು, ಮನೆಯ ಲೆಕ್ಕಕ್ಕೆ ಮಾಸ, ಪಕ್ಷ, ತಿಥಿ. ಇದೆಲ್ಲ ಒಬ್ಬನೇ ಗುಮಾಸ್ತನ ತಲೆಯಲ್ಲಿ ಇರುತ್ತಿತ್ತು.

ದಕ್ಷಿಣಕ್ಕೆ ತಿರುಗಿದರೆ ಸಂಡೂರು. ಅದು ಘೋರ್ಪಡೆ ಮನೆತನದ ಸಂಸ್ಥಾನ, ವಿಸ್ತೀರ್ಣ 161 ಚದರ ಮೈಲಿ. 1901ರ ಜನಗಣತಿಯಲ್ಲಿ ಅಲ್ಲಿದ್ದವರು ಹನ್ನೊಂದು ಸಾವಿರದ ಆಸುಪಾಸು. ಸುತ್ತ ಗುಡ್ಡಗಳ ಕೋಟೆ, ಒಳಗೆ ಹೋಗಲು ಓಬಳಗಂಡಿ, ಭೀಮಗಂಡಿಯಂಥ ಕಣಿವೆ ದಾರಿಗಳು. ಆ ಗಂಡಿ ದಾಟಿದರೆ ಮದ್ರಾಸಿನ ಕಾಯಿದೆ ತಾನಾಗಿಯೇ ಜಾರಿಯಲ್ಲಿರುತ್ತಿರಲಿಲ್ಲ. ದರಬಾರು ಹೇಳಿದ್ದೇ ಕಾಯಿದೆ. ಹೊಸಪೇಟೆಯ ಅಂಗಡಿಯವನು ಸಂಡೂರಿನ ಒಕ್ಕಲಿಗನಿಗೆ ಸಾಲ ಕೊಟ್ಟರೆ ವಸೂಲಿಗೆ ಹೋಗಬೇಕಾದ ಕಚೇರಿ ಬೇರೆ, ಹಿಡಿಯಬೇಕಾದ ದಾರಿಯೂ ಬೇರೆ.

ಮೂರು ಸರ್ಕಾರಗಳು ಹೀಗೆ ಒಂದು ದಿನದ ಗಾಡಿ ಪಯಣದೊಳಗೆ ಕೂಡುತ್ತಿದ್ದ ಜಾಗ ಕರ್ನಾಟಕದಲ್ಲಿ ಬಹಳ ಇಲ್ಲ. ಹೊಸಪೇಟೆ, ಕಂಪ್ಲಿ, ಸಂಡೂರುಗಳ ಚರಿತ್ರೆ ಎಂದರೆ ನಾವು ಹಂಪಿಯ ಕಲ್ಲು ನೋಡುತ್ತೇವೆ, ಶಾಸನ ಓದುತ್ತೇವೆ, ಗೆಜೆಟಿಯರ್ ತಿರುವುತ್ತೇವೆ. ಆದರೆ 1800ರಿಂದ 1950ರ ತನಕ ಇಲ್ಲಿಯ ಜನ ಏನು ಉಂಡರು, ಏನು ಉಟ್ಟರು, ಯಾವ ವರ್ಷ ಹೊಲ ಕಳೆದುಕೊಂಡರು, ಯಾವ ವರ್ಷ ಮಗಳ ಮದುವೆ ಮುಂದೂಡಿದರು ಎಂಬುದು ಬರೆದಿರುವುದು ಪೇಟೆ ಬೀದಿಯ ಸಾಹುಕಾರರ ಕಿರ್ದಿ, ಖತಾವಣಿಗಳಲ್ಲಿ. ಆ ಪುಸ್ತಕಗಳನ್ನು ನಾವು ತೂಕಕ್ಕೆ ಹಾಕುತ್ತಿದ್ದೇವೆ. ಈ ಸಂಕಟವೇ ನನ್ನನ್ನು ಇದನ್ನು ಬರೆಯಲು ಕೂರಿಸಿದ್ದು.

ಪುಸ್ತಕ ಹೇಗಿರುತ್ತಿತ್ತು ಎಂದು ಹೇಳುತ್ತೇನೆ. ಉದ್ದನೆಯದು, ಕೆಂಪು ಬಟ್ಟೆಯ ರಟ್ಟು, ನೂಲಿನ ಹೊಲಿಗೆ, ಸುತ್ತಿ ಕಟ್ಟಲು ಒಂದು ದಾರ. ಕಂಪ್ಲಿಯ ಹಳೇ ಮಾಳಿಗೆ ಮನೆಯೊಂದರ ಅಟ್ಟದಿಂದ ಇಳಿಸಿದ ಒಂದನ್ನು ಪಡಸಾಲೆಯ ಬೆಳಕಿಗೆ ಹಿಡಿದು ನೋಡಿದ್ದೇನೆ. ಹಾಳೆಗೆ ಗೆರೆ ಹಾಕಿಲ್ಲ. ಹಾಳೆಯನ್ನು ಉದ್ದಕ್ಕೆ ಮಡಿಚಿ ಮಡಿಚಿ ಬಿಚ್ಚಿದ್ದಾರೆ, ಆ ಮಡಿಕೆಯ ಗುರುತುಗಳೇ ಅಂಕಣ. ಮೇಲೆ ನಡುವೆ ಶ್ರೀಕಾರ, ಅದರ ಕೆಳಗೆ ಮನೆದೇವರ ಹೆಸರು, ಅದರ ಕೆಳಗೆ ಸಂವತ್ಸರ, ಮಾಸ, ತಿಥಿ, ವಾರ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಮಸಿ ಇನ್ನೂ ಕಪ್ಪಗೇ ಇದೆ. ಅಕ್ಷರ ಮೋಡಿ ಬರಹ, ತಲೆಕಟ್ಟು ಒಂದಕ್ಕೊಂದು ತಾಗಿ ಸಾಗುತ್ತದೆ. ಹಣ ಬರೆಯುವ ರೀತಿ ಬಲು ಸೊಗಸು. ರೂಪಾಯಿಯ ಅಂಕಿ ಆದ ಮೇಲೆ ಪಾವಲಿಗೆ ಒಂದು ನಿಲುಗೆರೆ, ಎಂಟಾಣೆಗೆ ಎರಡು, ಹನ್ನೆರಡಾಣೆಗೆ ಮೂರು. ಅದರ ಮುಂದೆ ಬಿಡಿ ಆಣೆಗಳಿಗೆ ಅಡ್ಡಗೆರೆ. ಕಣ್ಣಾಡಿಸಿದರೆ ಸಾಕು, ಮೊತ್ತ ಹೊಳೆಯುತ್ತದೆ.

ಖರ್ಚಿನ ಕಡೆ ಓದುತ್ತಾ ಹೋದರೆ ಊರೇ ನಡೆದು ಬರುತ್ತದೆ. ದೇವರ ದೀಪದ ಎಣ್ಣೆಗೆ, ಎತ್ತಿನ ಲಾಳಕ್ಕೆ, ಕಾಲುವೆ ಹೂಳೆತ್ತಿದ ಆಳುಗಳಿಗೆ, ಬಾಣಂತಿಯ ಖಾರಕ್ಕೆ, ಬಳೆಗಾರನಿಗೆ, ಹಾವು ಕಡಿದವನನ್ನು ಒಯ್ದ ಗಾಡಿಯ ಬಾಡಿಗೆಗೆ. ಸಂಜೆ ದೀಪ ಹಚ್ಚುವ ಮೊದಲು ಶಿಲ್ಕು ತೆಗೆಯಬೇಕು. ಪೆಟ್ಟಿಗೆಯಲ್ಲಿರುವ ದುಡ್ಡು, ಪುಸ್ತಕದ ಶಿಲ್ಕು ಎರಡೂ ತಾಳೆಯಾಗದಿದ್ದರೆ ಗುಮಾಸ್ತ ಮನೆಗೆ ಹೋಗುವಂತಿರಲಿಲ್ಲ. ಕಿರ್ದಿಯಲ್ಲಿ ದಿನದ ಕ್ರಮದಲ್ಲಿ ಬರೆದದ್ದನ್ನು ಆಮೇಲೆ ಖತಾವಣಿಗೆ ಏರಿಸುತ್ತಿದ್ದರು. ಅಲ್ಲಿ ಆಸಾಮಿಗೊಂದು ಖಾತೆ. ಕಿರ್ದಿ ದಿನದ ಕಥೆ ಹೇಳುತ್ತದೆ, ಖತಾವಣಿ ಮನುಷ್ಯನ ಕಥೆ ಹೇಳುತ್ತದೆ.

ಇಟಲಿಯ ಲೂಕಾ ಪಾಚೋಲಿ ಜೋಡಿ ನಮೂದಿನ ಲೆಕ್ಕವನ್ನು ವೆನಿಸ್ಸಿನಲ್ಲಿ ಅಚ್ಚು ಹಾಕಿಸಿದ್ದು 1494ರಲ್ಲಿ, ಕೃಷ್ಣದೇವರಾಯ ಪಟ್ಟಕ್ಕೆ ಬರುವುದಕ್ಕೆ ಹದಿನೈದು ವರ್ಷ ಮೊದಲು. ಲೆಕ್ಕಶಾಸ್ತ್ರದ ಪಾಠ ಎಲ್ಲ ಕಡೆ ಅವನಿಂದಲೇ ಶುರುವಾಗುತ್ತದೆ. ನಮ್ಮ ಪೇಟೆಯವರು ಅವನ ಹೆಸರು ಕೇಳಿದವರಲ್ಲ. ಅವರಿಗೆ ಲೆಕ್ಕ ಬಂದದ್ದು ಮಗ್ಗಿಯಿಂದ. ಒಂದರ ಮಗ್ಗಿ, ಎರಡರ ಮಗ್ಗಿ ಆದ ಮೇಲೆ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ. ಮುಕ್ಕಾಲನ್ನು ಹದಿಮೂರರಿಂದ ಗುಣಿಸು ಎಂದರೆ ಎಂಟು ವರ್ಷದ ಹುಡುಗ ನಿಂತ ಕಾಲಲ್ಲೇ ಒಂಬತ್ತೂಮುಕ್ಕಾಲು ಎನ್ನುತ್ತಿದ್ದ. ಹನ್ನೆರಡನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ ‘ವ್ಯವಹಾರಗಣಿತ’ ಬರೆದಿಟ್ಟ ನಾಡಿದು. ಬಡ್ಡಿಯನ್ನೂ ಶೇಕಡಾ ಲೆಕ್ಕದಲ್ಲಿ ಹೇಳುತ್ತಿರಲಿಲ್ಲ. ರೂಪಾಯಿಗೆ ತಿಂಗಳಿಗೆ ಇಷ್ಟು ಪೈ ಎನ್ನುವುದು ರೂಢಿ. ರೂಪಾಯಿಗೆ ನೂರಾ ತೊಂಬತ್ತೆರಡು ಪೈ. ಒಂದು ಪೈ ಬಡ್ಡಿ ಎಂದರೆ ಈಗಿನ ಲೆಕ್ಕದಲ್ಲಿ ವರ್ಷಕ್ಕೆ ಶೇಕಡಾ ಆರೂಕಾಲು. ಮೂರು ಪೈ ಎಂದರೆ ಹದಿನೆಂಟೂಮುಕ್ಕಾಲು. ಹೆಬ್ಬೆಟ್ಟು ಒತ್ತುವ ರೈತನಿಗೂ ಒಂದು ಪೈಗೂ ಮೂರು ಪೈಗೂ ಎಷ್ಟು ಅಂತರ ಎಂಬುದು ಚೆನ್ನಾಗಿ ಗೊತ್ತಿತ್ತು. ಬೇರೆ ಕಡೆ ಸಾಲ ಹುಟ್ಟದೆ ಒತ್ತುತ್ತಿದ್ದ, ಅಷ್ಟೆ.

ಈ ಕೆಂಪು ಪುಸ್ತಕಕ್ಕಿಂತ ಮೊದಲು ಕಡತ ಇತ್ತು. ಉದ್ದನೆಯ ಹತ್ತಿ ಬಟ್ಟೆಗೆ ಹುಣಸೆ ಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ, ಪದರ ಪದರವಾಗಿ ಮಡಿಚಿ, ಎರಡೂ ತುದಿಗೆ ಹಲಗೆ ಕಟ್ಟುತ್ತಿದ್ದರು. ಬರೆಯುವುದು ಬಳಪದಲ್ಲಿ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಚರಿತ್ರೆಯಲ್ಲಿ ಇದನ್ನು ಪ್ರೀತಿಯಿಂದ ವರ್ಣಿಸಿದ್ದಾನೆ. ಅಗಲ ಎಂಟು ಅಂಗುಲದಿಂದ ಒಂದು ಅಡಿ, ಉದ್ದ ಹನ್ನೆರಡರಿಂದ ಹದಿನೆಂಟು ಅಡಿ. ವ್ಯಾಪಾರಸ್ಥರು, ಅಂಗಡಿಯವರೆಲ್ಲ ಅದರಲ್ಲೇ ಲೆಕ್ಕ ಬರೆಯುತ್ತಾರೆ ಎನ್ನುತ್ತಾನೆ. ಅವನಿಗೆ ಅಚ್ಚರಿಯಾದದ್ದು ಬೇರೆ. ಬಳಪದ ಬರಹವನ್ನು ಬೆರಳಲ್ಲಿ ಒರೆಸಿದರೆ ಹೋಗುತ್ತದೆ. ಆದರೂ ವ್ಯಾಪಾರಿಯ ಕಡತದಲ್ಲಿ ಬರೆದು ಸಾಕ್ಷಿ ಹಾಕಿಸಿದ ಸಾಲಪತ್ರವನ್ನು ನ್ಯಾಯದ ಮುಂದೆ ತಂದು, ಅದು ಪುರಾವೆಯಾಗಿ ನಿಂತದ್ದನ್ನು ಅವನು ಕಣ್ಣಾರೆ ಕಂಡಿದ್ದ. ಅಳಿಸಬಹುದಾದದ್ದನ್ನು ಅಳಿಸುವುದಿಲ್ಲ ಎಂಬ ನಂಬಿಕೆಯ ಮೇಲೆ ಒಂದು ಪೇಟೆ ನಡೆಯುತ್ತಿತ್ತು. ನನಗೆ ಇದು ಹಂಪಿಯ ಯಾವ ಮಂಟಪಕ್ಕಿಂತಲೂ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಕಂಪನಿ ಬಂದ ಮೇಲೆ ನಂಬಿಕೆಯ ಜಾಗಕ್ಕೆ ಕಾಗದ ಬಂತು. 1800ರಲ್ಲಿ ನಿಜಾಮರು ಈ ಸೀಮೆಯನ್ನು ಬಿಟ್ಟುಕೊಟ್ಟರು. ಥಾಮಸ್ ಮನ್ರೋ 1807ರ ತನಕ ಇಲ್ಲಿಯ ಮುಖ್ಯ ಕಲೆಕ್ಟರಾಗಿದ್ದ. 1802ರಲ್ಲಿ ನಾಲ್ಕೇ ನಾಲ್ಕು ಜನ ಗುಮಾಸ್ತರಿಂದ ಭೂಮಿಯ ಅಳತೆ ಶುರುವಾಯಿತು, ಬರುಬರುತ್ತಾ ಅವರ ಸಂಖ್ಯೆ ಬೆಳೆಯಿತು. ಕೈಯಲ್ಲಿ 33 ಅಡಿಯ ಸರಪಳಿ. ಆ ಸರಪಳಿಯ ಚೌಕ ಒಂದು ಗುಂಟೆ, ಅಂಥ ನಲವತ್ತು ಸೇರಿದರೆ ಎಕರೆ. ಇಂದಿಗೂ ನಮ್ಮ ಪಹಣಿಯಲ್ಲಿ ಇರುವುದು ಅದೇ ಲೆಕ್ಕ. ರೈತನ ಹೆಸರಿಗೇ ಪಟ್ಟಾ, ರೈತನಿಂದಲೇ ನೇರವಾಗಿ ಕಂದಾಯ. ಮನ್ರೋಗೆ ನಡುವೆ ಜಮೀನ್ದಾರ ಬೇಡವಾಗಿತ್ತು. ಆದರೆ ಕಂದಾಯವನ್ನು ನಗದಾಗಿ, ಕಿಸ್ತಿನ ಗಡುವಿಗೆ ಕಟ್ಟಬೇಕು. ಬೆಳೆ ಇನ್ನೂ ಹೊಲದಲ್ಲಿರುವಾಗ ನಗದು ಎಲ್ಲಿಂದ ಬರಬೇಕು? ಪೇಟೆ ಬೀದಿಯಿಂದ. ಹೀಗೆ ಬಾಗಿಲಲ್ಲಿ ಬೇಡವೆಂದ ನಡುವಿನವನು ಹಿತ್ತಲಿನಿಂದ ಒಳಗೆ ಬಂದ.

ಸಾಹುಕಾರರ ಆಸ್ತಿ ಎಂದರೆ ಒಂದೇ ಬೇಲಿಯೊಳಗಿನ ಎಸ್ಟೇಟು ಎಂದುಕೊಳ್ಳಬಾರದು. ಕೊಡಗಿನ ಕಾಫಿ ತೋಟದಂತೆ ಅಲ್ಲ ಇದು. ಬಸವ ಕಾಲುವೆಯ ಕೆಳಗೆ ಎರಡು ತುಂಡು, ರಾಯ ಕಾಲುವೆಯ ಕೆಳಗೆ ಒಂದು, ತುರ್ತು ಕಾಲುವೆಯಲ್ಲಿ ಹಂಪಿಯ ಕಡೆ ಬಾಳೆಯ ಭೂಮಿ, ಕಂಪ್ಲಿ ಕಾಲುವೆಯಲ್ಲಿ ಕಬ್ಬಿನ ಗದ್ದೆ, ಅದಲ್ಲದೆ ಅಲ್ಲಲ್ಲಿ ಎರೆ ಹೊಲ, ಮಸಾರಿ ಹೊಲ. ಒಂದೊಂದು ತುಂಡೂ ಒಂದೊಂದು ಸಾಲದ ಗುರುತು. ಭೋಗ್ಯಕ್ಕೆ ಬಂದದ್ದು, ಕ್ರಯಕ್ಕೆ ಬಂದದ್ದು, ಕೋರ್ಟಿನ ಹರಾಜಿನಲ್ಲಿ ಕೂಗಿ ಹಿಡಿದದ್ದು. ಇವುಗಳಲ್ಲಿ ಗದ್ದೆಯ ಬೆಲೆಯೇ ಬೆಲೆ. ಕಾರಣ, ನೀರು ವಿಜಯನಗರದ ಕಾಲದ್ದು. ರಾಯ, ಬಸವ ಕಾಲುವೆಗಳ ಮೂಲ 1521ರಲ್ಲಿ ಕೃಷ್ಣದೇವರಾಯ ಕಟ್ಟಿಸಿದ ವಲ್ಲಭಾಪುರದ ಅಣೆಕಟ್ಟು. ವರ್ಷದಲ್ಲಿ ಬೇಸಿಗೆಯ ಒಂದು ತಿಂಗಳಷ್ಟು ಹೂಳು ತೆಗೆಯಲು ನಿಲ್ಲಿಸಿದರೆ ಉಳಿದ ಹನ್ನೊಂದು ತಿಂಗಳೂ ನೀರು. ಸುತ್ತಲಿನ ಖುಷ್ಕಿ ಹೊಲಗಳು ಮೋಡ ನೋಡುತ್ತಿದ್ದರೆ ಹೊಸಪೇಟೆಯ ಗದ್ದೆ ಮೋಡದ ಹಂಗಿಲ್ಲದೆ ಬೆಳೆಯುತ್ತಿತ್ತು. ಕೃಷ್ಣದೇವರಾಯ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿಸಿದ್ದರ ಬಡ್ಡಿಯನ್ನು ನಾನೂರು ವರ್ಷ ಇಲ್ಲಿಯ ಜನ ಉಂಡಿದ್ದಾರೆ, ಅದರಲ್ಲಿ ಸಾಹುಕಾರರೂ ಒಬ್ಬರು.

ಗದ್ದೆಯನ್ನು ಕೋರಿಗೆ, ಅಂದರೆ ಬೆಳೆಯ ಪಾಲಿಗೆ, ಹಾಕುತ್ತಿದ್ದರು. ಸುಗ್ಗಿಯಲ್ಲಿ ಕಣಕ್ಕೆ ಯಜಮಾನರ ಕಡೆಯವರು ಹೋಗಬೇಕು. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ರಾಶಿಗೆ ಪೂಜೆ ಆಗುತ್ತದೆ. ಅಳೆಯುವವನು ಪೂರ್ವಕ್ಕೆ ಮುಖ ಮಾಡಿ ಕೂರುತ್ತಾನೆ. ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾನೆ. ಎರಡರಿಂದ ಎಣಿಕೆ. ಪಾಲು ಮಾಡುವ ಮುಂಚೆ ಆಯ ತೆಗೆಯಬೇಕು: ಬಡಿಗನಿಗೆ, ಕಮ್ಮಾರನಿಗೆ, ಅಗಸನಿಗೆ, ತಳವಾರನಿಗೆ, ನೀರುಗಂಟಿಗೆ. ನೀರುಗಂಟಿಯ ಪಾಲಿನ ಬಗ್ಗೆ ಯಾರೂ ಚೌಕಾಶಿ ಮಾಡುತ್ತಿರಲಿಲ್ಲ, ರಾತ್ರಿ ಮಡೆ ತಿರುಗಿಸುವವನು ಅವನೇ ತಾನೆ. ಆಮೇಲೆ ಉಳಿದದ್ದು ಎರಡು ಪಾಲು. ಗುಮಾಸ್ತ ಅಲ್ಲೇ ಗುರುತು ಹಾಕಿಕೊಂಡು, ಊರಿಗೆ ಬಂದು ಕಿರ್ದಿಗೆ ಏರಿಸುತ್ತಿದ್ದ. ಹೀಗಾಗಿ ಈ ಪುಸ್ತಕಗಳಲ್ಲಿ ಒಂದೇ ಗದ್ದೆಯ ಐವತ್ತು ಅರವತ್ತು ವರ್ಷದ ಇಳುವರಿ ಸಿಗುತ್ತದೆ. ಯಾವ ಸರ್ಕಾರಿ ಕಡತದಲ್ಲೂ ಒಂದು ತುಂಡು ಭೂಮಿಯ ಮೇಲೆ ಇಷ್ಟು ದಿನ ಇಷ್ಟು ಶ್ರದ್ಧೆಯಿಂದ ಕಣ್ಣಿಟ್ಟವರಿಲ್ಲ.

ಜೋಳ ಹಗೇವಿಗೆ ಹೋಗುತ್ತಿತ್ತು. ಗಟ್ಟಿ ನೆಲ ನೋಡಿ ಆಳವಾಗಿ ಅಗೆದು, ಒಳಗೆ ಸುತ್ತ ಜೋಳದ ದಂಟು, ಹುಲ್ಲು ಒತ್ತಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ತೆಗೆಯುವಾಗ ಬಾಯಿ ಬಿಚ್ಚಿದ ಕೂಡಲೇ ಇಳಿಯುವಂತಿಲ್ಲ, ಒಳಗಿನ ಕೆಟ್ಟ ಗಾಳಿಗೆ ಉಸಿರು ಕಟ್ಟುತ್ತದೆ. ಗಾಳಿಯಾಡಲು ಬಿಟ್ಟು, ಹಗ್ಗದಲ್ಲಿ ದೀಪ ಇಳಿಸಿ, ದೀಪ ಉರಿದರೆ ಆಳು ಇಳಿಯಬೇಕು. ಯಾವ ಹಗೇವಿನಲ್ಲಿ ಯಾವ ವರ್ಷದ ಜೋಳ ಎಷ್ಟಿದೆ ಎಂಬ ಲೆಕ್ಕ ಯಜಮಾನರ ಗುಟ್ಟು, ಬಂದವರ ಕಣ್ಣಿಗೆ ಬೀಳುವ ಪುಸ್ತಕದಲ್ಲಿ ಅದನ್ನು ಬರೆಯುತ್ತಿರಲಿಲ್ಲ.

ಆ ಗುಟ್ಟಿಗೆ ಅಗ್ನಿಪರೀಕ್ಷೆ ಬಂದದ್ದು ಧಾತು, ಈಶ್ವರ ಸಂವತ್ಸರಗಳಲ್ಲಿ. 1876ರಿಂದ 78ರ ಆ ಬರವನ್ನು ಬಳ್ಳಾರಿ ಸೀಮೆ ಇನ್ನೂ ಮರೆತಿಲ್ಲ. 1871ರ ಎಣಿಕೆಗೂ 1881ರ ಎಣಿಕೆಗೂ ನಡುವೆ ಜಿಲ್ಲೆಯ ಜನಸಂಖ್ಯೆ ಐದರಲ್ಲಿ ಒಂದು ಪಾಲಿನಷ್ಟು ಕುಸಿಯಿತು. ಖಾಸಗಿ ವ್ಯಾಪಾರಕ್ಕೆ ಕೈ ಹಾಕಬಾರದು ಎಂಬುದು ಆಗಿನ ಇಂಡಿಯಾ ಸರ್ಕಾರದ ಹಟ. ಮದ್ರಾಸಿನ ಗವರ್ನರ್ ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್ ಧಾನ್ಯ ಕೊಂಡು ಇಟ್ಟದ್ದಕ್ಕೇ ಮೇಲಿನವರಿಂದ ಛೀಮಾರಿ. 1877ರ ಆರಂಭದಲ್ಲಿ ಬಂದ ರಿಚರ್ಡ್ ಟೆಂಪಲ್, ಕಾಮಗಾರಿಯ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಸಾಕು ಎಂದ. ಅಷ್ಟರಲ್ಲಿ ಮನುಷ್ಯ ಬದುಕುವುದಿಲ್ಲ ಎಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಪ್ರತಿಭಟಿಸಿದ. ಇದೆಲ್ಲ ಸರ್ಕಾರಿ ವರದಿಗಳಲ್ಲಿದೆ. ಆದರೆ ಒಂದು ಮನೆ ಹೇಗೆ ಕುಸಿಯಿತು ಎಂಬುದನ್ನು ತಿಳಿಯಬೇಕಾದರೆ ಖತಾವಣಿಗೇ ಬರಬೇಕು. ಮೊದಲು ಬೆಳ್ಳಿಯ ಕಡಗ ಗಿರವಿಗೆ ಬರುತ್ತದೆ, ಆಮೇಲೆ ಹಿತ್ತಾಳೆ ಕೊಡ, ಆಮೇಲೆ ಎತ್ತು, ಆಮೇಲೆ ಹೊಲ. ಆಮೇಲೆ ಆ ಖಾತೆಯಲ್ಲಿ ನಮೂದೇ ಇಲ್ಲ. ಖಾಲಿ ಉಳಿದ ಹಾಳೆಗಳು ಏನು ಹೇಳುತ್ತವೆ ಎಂದು ವಿವರಿಸಬೇಕಾಗಿಲ್ಲ. ಕೆಲವು ಸಾಹುಕಾರರು ಹಗೇವು ತೆರೆದು ಗಂಜಿ ಹಾಕಿಸಿದರು, ಕೆಲವರು ಬೆಲೆ ಇನ್ನೂ ಏರಲಿ ಎಂದು ಕಾದರು. ಎರಡೂ ನಿಜ. ಹಿರಿಯರ ಬಾಯಲ್ಲಿ ಮೊದಲನೆಯದು ಮಾತ್ರ ಉಳಿದಿರುತ್ತದೆ. ಪುಸ್ತಕ ಇದ್ದರೆ ಎರಡೂ ಉಳಿಯುತ್ತವೆ.

ಕೋರ್ಟಿನ ವಿಷಯಕ್ಕೆ ಬಂದರೆ, 1859ರ ವಾಯಿದೆ ಕಾಯಿದೆ ಸಾದಾ ಸಾಲಕ್ಕೆ ಮೂರು ವರ್ಷದ ಮಿತಿ ಹಾಕಿತು. ಹಳೇ ಸಾಲ ಹಿಡಿದು ರೈತನನ್ನು ಕಾಡಬಾರದು ಎಂಬುದು ಅದರ ಉದ್ದೇಶ. ಆದದ್ದು ತಿರುಗುಮುರುಗು. ಮೂರು ವರ್ಷ ತುಂಬುವ ಮೊದಲೇ ಅಸಲು, ಬಡ್ಡಿ ಕೂಡಿಸಿ ಹೊಸ ಪತ್ರ. ನಿನ್ನೆಯ ಬಡ್ಡಿ ಇಂದಿನ ಅಸಲು. 1872ರ ಸಾಕ್ಷ್ಯ ಕಾಯಿದೆಯ 34ನೇ ಕಲಮು, ಕ್ರಮವಾಗಿ ಬರೆದ ಲೆಕ್ಕದ ಪುಸ್ತಕ ಪುರಾವೆಯಾಗಬಹುದು, ಆದರೆ ಅದೊಂದರ ಮೇಲೆಯೇ ಯಾರ ತಲೆಗೂ ಸಾಲ ಕಟ್ಟುವಂತಿಲ್ಲ ಎಂದಿತು. ಬಳಪದ ಗೆರೆಯೇ ಸಾಕಾಗಿದ್ದ ನಾಡಿನಲ್ಲಿ ಮಸಿಯ ಅಕ್ಷರವೂ ಸಾಲದಾಯಿತು. ಸ್ಟಾಂಪು, ರಿಜಿಸ್ಟ್ರಿ, ಸಾಕ್ಷಿ, ವಕೀಲರು ಎಲ್ಲ ಬಂದರು. ಹುಂಡಿಯನ್ನು ಮಾತ್ರ 1881ರ ಕಾಯಿದೆಯೂ ಪೇಟೆಯ ರೂಢಿಗೇ ಬಿಟ್ಟಿತು. ದರ್ಶನಿ ಹುಂಡಿ ಕಂಡ ಕೂಡಲೇ ದುಡ್ಡು, ಮುದ್ದತಿ ಹುಂಡಿ ಗಡುವಿಗೆ. ಹೊಸಪೇಟೆಯಲ್ಲಿ ಬರೆದ ಚೀಟಿಗೆ ಬೊಂಬಾಯಿಯಲ್ಲಿ ಹಣ ಸಿಗಬೇಕಾದರೆ ಬೇಕಾಗಿದ್ದದ್ದು ಮನೆತನದ ಹೆಸರು ಒಂದೇ.

1884ರಲ್ಲಿ ಹೊಸಪೇಟೆಗೆ ರೈಲು ಬಂತು. ಅಲ್ಲಿಯ ತನಕ ಕರಾವಳಿಯ ಉಪ್ಪು, ಒಳನಾಡಿನ ದವಸ ಹೊತ್ತದ್ದು ಲಂಬಾಣಿಗರ ಹೇರೆತ್ತು. ರೈಲು ಬಂದ ಮೇಲೆ ಹೇರಿನ ಕಸುಬು ಕಳೆದುಕೊಂಡ ತಾಂಡಾದವರು ಗುಡ್ಡದ ಬದಿಗೆ ಕೂಲಿಗೆ ನಿಂತರು. ಆಮೇಲೆ ಸಂಡೂರಿನ ಗುಡ್ಡಗಳಲ್ಲಿ ಮ್ಯಾಂಗನೀಸ್ ತೆಗೆಯುವುದು ಶುರುವಾಯಿತು, ಆ ಕಥೆಯೇ ಬೇರೆ, ಅದರ ಲೆಕ್ಕ ಈ ಕೆಂಪು ಪುಸ್ತಕಗಳಲ್ಲಿ ಹಿಡಿಸುವಂಥದಲ್ಲ.

ಲೆಕ್ಕದ ಮಾತು ಬಂದಾಗಲೆಲ್ಲ ನನಗೆ ಹಂಪಿಯ ಫೆರ್ನಾವ್ ನೂನಿಜ್ ನೆನಪಾಗುತ್ತಾನೆ. ಪೋರ್ಚುಗೀಸ್ ಕುದುರೆ ವ್ಯಾಪಾರಿ, 1530ರ ದಶಕದಲ್ಲಿ ಇಲ್ಲಿದ್ದವನು. ಅವನ ಬರಹ ಪ್ಯಾರಿಸ್ಸಿನಲ್ಲಿ ಮಲಗಿತ್ತು. ಬಳ್ಳಾರಿಯಲ್ಲಿ ಕಲೆಕ್ಟರಾಗಿದ್ದ ರಾಬರ್ಟ್ ಸಿವೆಲ್ ಅದರ ಇಂಗ್ಲಿಷ್ ರೂಪವನ್ನು 1900ರಲ್ಲಿ ತನ್ನ ವಿಜಯನಗರದ ಪುಸ್ತಕದೊಳಗೆ ಸೇರಿಸಿ ಪ್ರಕಟಿಸಿದ. ಇನ್ನೊಬ್ಬ ಪೋರ್ಚುಗೀಸ್ ಪ್ರವಾಸಿ ಪೇಸ್ ಅರಮನೆಯ ಚೆಲುವು ಕಂಡರೆ ನೂನಿಜ್ ಆದಾಯ, ಖರ್ಚು ಕಾಣುತ್ತಾನೆ: ಯಾವ ನಾಯಕನ ಸೀಮೆಯ ಹುಟ್ಟುವಳಿ ಎಷ್ಟು, ಅರಸನಿಗೆ ಕೊಡುವುದು ಎಷ್ಟು, ಸಾಕಬೇಕಾದ ಕುದುರೆ ಎಷ್ಟು. ಸಾಳುವ ನರಸಿಂಹ ಹೊರ್ಮುಜ್‌ನ ಕುದುರೆಗಳನ್ನು ಸಾವಿರ ವರಹಕ್ಕೆ ಮೂರರಂತೆ ಕೊಳ್ಳುತ್ತಿದ್ದ, ಕಡಲಲ್ಲಿ ಸತ್ತ ಕುದುರೆಗೆ ಬಾಲ ತಂದು ತೋರಿಸಿದರೂ ಬದುಕಿದ್ದರ ಬೆಲೆಯನ್ನೇ ಕೊಡುತ್ತಿದ್ದ ಎಂದು ಬರೆದಿಟ್ಟವನು ಅವನೇ. ಕವಿ ಇದನ್ನು ಬರೆಯುತ್ತಿರಲಿಲ್ಲ, ಆಸ್ಥಾನದ ಪಂಡಿತನೂ ಬರೆಯುತ್ತಿರಲಿಲ್ಲ. ವ್ಯಾಪಾರಿ ಬರೆದ. ವಿಜಯನಗರ ಹೇಗೆ ನಡೆಯಿತು ಎಂದು ತಿಳಿಯಲು ಒಬ್ಬ ಕುದುರೆ ವ್ಯಾಪಾರಿಯ ಲೆಕ್ಕದ ಬುದ್ಧಿಗೆ ಋಣಿಯಾಗಿರುವ ನಾವು ಅದೇ ನೆಲದ ನಮ್ಮ ವ್ಯಾಪಾರಿಗಳ ಪುಸ್ತಕವನ್ನು ಏಕೆ ಬಿಚ್ಚಿ ನೋಡುವುದಿಲ್ಲ?

ಸಾಹುಕಾರರ ಪುಸ್ತಕದಲ್ಲಿ ದೇವರ ಖಾತೆ, ಧರ್ಮದ ಖಾತೆ ಎಂದು ಬೇರೆ ಇರುತ್ತಿತ್ತು. ಮೂಟೆಗೆ ಇಷ್ಟೆಂದು ಧರ್ಮಾದಾಯ ಹಿಡಿಯುತ್ತಿದ್ದರು. ಅದು ವಿರೂಪಾಕ್ಷನ ಜಾತ್ರೆಯ ಅನ್ನದಾನಕ್ಕೆ, ಅರವಟ್ಟಿಗೆಗೆ, ಮಠದ ದಾಸೋಹಕ್ಕೆ ಹೋಗುತ್ತಿತ್ತು. 1916ರಲ್ಲಿ ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿದ ಮೇಲೆ ಪೇಟೆಯ ದುಡ್ಡು ಶಾಲೆಗೂ ಹರಿಯಿತು. ಬಳ್ಳಾರಿಯ ಹತ್ತಿ ವ್ಯಾಪಾರಿ ಎ. ಸಭಾಪತಿ ಮುದಲಿಯಾರರಂಥ ದೊಡ್ಡ ಹೆಸರುಗಳು ಚರಿತ್ರೆಯಲ್ಲಿ ನಿಂತಿವೆ. ಹೊಸಪೇಟೆ, ಕಂಪ್ಲಿಯ ಮಧ್ಯಮ ಮನೆತನಗಳಿಗೆ ಪುಸ್ತಕ ಬಿಟ್ಟರೆ ಬೇರೆ ಗುರುತಿಲ್ಲ.

ಹೆಂಗಸರ ಲೆಕ್ಕ ಈ ಪುಸ್ತಕಗಳಲ್ಲಿ ಅರ್ಧ ಮಾತ್ರ ಸಿಗುತ್ತದೆ. ಯಜಮಾನರು ಕಾಲವಾಗಿ ಮಕ್ಕಳು ಇನ್ನೂ ಚಿಕ್ಕವರಿದ್ದ ಮನೆಗಳಲ್ಲಿ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಆಸ್ತಿ ನಡೆಸಿದ ಅಮ್ಮಂದಿರಿದ್ದರು. ಅವರು ಪಡಸಾಲೆಗೆ ಬರುತ್ತಿರಲಿಲ್ಲ. ಬಾಗಿಲ ಮರೆಯಿಂದ ಗುಮಾಸ್ತನನ್ನು “ಏನಪ್ಪಾ, ತುರ್ತು ಕಾಲುವೆ ಗದ್ದಿ ಕೋರು ಬಂತೇನು?” ಎಂದು ಕೇಳುವರು. ಅವನು ಓದಿ ಹೇಳುವನು. ತಪ್ಪಿದ್ದರೆ ಅಮ್ಮ ಅಲ್ಲಿಂದಲೇ ತಿದ್ದುವರು, ಪುಸ್ತಕ ನೋಡದೆ. ಹಾಲಿನವಳ ಲೆಕ್ಕ, ಅಗಸರ ಬಟ್ಟೆಯ ಲೆಕ್ಕ ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲ ಗೆರೆಯಲ್ಲಿ. ಯುಗಾದಿಗೆ ಸುಣ್ಣ ಬಳಿದಾಗ ಅದು ಹೋಗುತ್ತಿತ್ತು. ಅದನ್ನು ನೆನೆದಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ಈ ಮನೆತನಗಳ ಇಳಿಗಾಲ ಒಂದೇ ದಿನ ಬಂದದ್ದಲ್ಲ. 1938ರಲ್ಲಿ ರಾಜಾಜಿಯವರ ಸರ್ಕಾರ ಮದ್ರಾಸಿನಲ್ಲಿ ರೈತರ ಸಾಲ ಪರಿಹಾರದ ಕಾಯಿದೆ ತಂದಿತು. ಹಳೇ ಸಾಲಗಳ ಮೇಲೆ 1937ರ ಅಕ್ಟೋಬರ್ ಒಂದರ ತನಕ ನಿಂತಿದ್ದ ಬಡ್ಡಿ ರದ್ದು. ಅಸಲಿನ ಎರಡರಷ್ಟು ಈಗಾಗಲೇ ಕಟ್ಟಿದ್ದರೆ ಸಾಲವೇ ತೀರಿತು. ಹೊಸಪೇಟೆಯ ಪುಸ್ತಕಗಳಲ್ಲಿ ಎಷ್ಟೋ ಖಾತೆಗಳಿಗೆ ಅಡ್ಡಗೀಟು ಬಿತ್ತು. ನ್ಯಾಯವಾದ ಗೀಟು ಎಂದೇ ನಾನು ಹೇಳುತ್ತೇನೆ. ಹೊಳೆಯಾಚೆ, ಗಂಡಿಯಾಚೆ ಆ ಕಾಯಿದೆ ಇರಲಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿಯಿತು, ವಲ್ಲಭಾಪುರದ ಹಳೇ ಅಣೆ ಜಲಾಶಯದೊಳಗೆ ಮುಳುಗಿತು. ಅದೇ ವರ್ಷ ಅಕ್ಟೋಬರ್ ಒಂದಕ್ಕೆ ಬಳ್ಳಾರಿ ಮೈಸೂರಿಗೆ ಸೇರಿತು. ಸಂಡೂರು ಅಷ್ಟರಲ್ಲಿ ಸಂಸ್ಥಾನವಾಗಿ ಉಳಿದಿರಲಿಲ್ಲ. 1957ರ ಏಪ್ರಿಲ್ ಒಂದಕ್ಕೆ ಹೊಸ ಪೈಸೆ ಬಂದು ಆಣೆಯ ಗೆರೆಗಳು ನಿಂತವು. ಮುಕ್ಕಾಲು ಮಗ್ಗಿ ಬಲ್ಲ ಗುಮಾಸ್ತನ ವಿದ್ಯೆಗೆ ಗಿರಾಕಿ ಇಲ್ಲವಾಯಿತು. 1973ರಲ್ಲಿ ಸಂಡೂರಿನಲ್ಲಿ ಗೇಣಿದಾರರು ಭೂಮಿಗಾಗಿ ಹೋರಾಡಿದರು. 1974ರ ಭೂಸುಧಾರಣೆ ಕೋರಿನ ಗದ್ದೆಗಳನ್ನು ಉಳುವವರ ಹೆಸರಿಗೆ ಮಾಡಿತು. ಆಗ ಅರ್ಜಿ ಹಾಕಿದ ಎಷ್ಟೋ ಗೇಣಿದಾರರಿಗೆ ತಾವು ಉಳುತ್ತಿದ್ದೆವು ಎಂದು ತೋರಿಸುವ ಕಾಗದ ಇರಲಿಲ್ಲ. ಅವರ ಹೆಸರು, ಅವರು ಅಳೆದ ಕೊಳಗ, ಕಣದ ತಿಥಿ ಎಲ್ಲ ಇದ್ದದ್ದು ಯಜಮಾನರ ಕಿರ್ದಿಯಲ್ಲೇ. ಕೆಲವು ಪುಸ್ತಕಗಳು ಕಾಣೆಯಾದದ್ದು ಆ ದಿನಗಳಲ್ಲೇ ಎಂಬ ಮಾತನ್ನು ಹಳಬರು ಇಂದಿಗೂ ಆಡುತ್ತಾರೆ.

ಉಳಿದವು ಈಗ ಹೋಗುತ್ತಿವೆ. ಹಿಸ್ಸೆಯಾದಾಗ ಬೆಳ್ಳಿ, ಹಿತ್ತಾಳೆ, ತೊಟ್ಟಿಲು, ಸಾಗುವಾನಿ ಕಂಬ ಎಲ್ಲಕ್ಕೂ ಪಾಲುದಾರರಿರುತ್ತಾರೆ, ಪುಸ್ತಕಕ್ಕೆ ಇಲ್ಲ. ಮಾಳಿಗೆ ಮನೆ ಕೆಡವಿ ಕಾಂಪ್ಲೆಕ್ಸ್ ಕಟ್ಟುವಾಗ ಗಂಟು ಬಿಚ್ಚದೆ ಗುಜರಿಯವನ ತಕ್ಕಡಿಗೆ ಹಾಕುತ್ತಾರೆ. ಕಮಲಾಪುರದ ಪಕ್ಕದಲ್ಲೇ, ವಿದ್ಯಾರಣ್ಯದಲ್ಲಿ, 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯವಿದೆ. ಅಲ್ಲಿ ಹಸ್ತಪ್ರತಿಗಳಿಗೇ ಒಂದು ವಿಭಾಗವಿದೆ. ಓಲೆಗರಿ ಸಿಕ್ಕರೆ ಜನ ಅಲ್ಲಿಗೆ ಒಯ್ಯುತ್ತಾರೆ, ದೇವರ ಕಥೆ ಇರಬಹುದು ಎಂದು. ಕಿರ್ದಿಯನ್ನೂ ಒಯ್ಯಬಹುದು ಎಂದು ಹೊಳೆಯುವುದಿಲ್ಲ. ಈಗ ಹೊಸಪೇಟೆ ವಿಜಯನಗರ ಜಿಲ್ಲೆ, ಕಂಪ್ಲಿ, ಸಂಡೂರು ಬಳ್ಳಾರಿ ಜಿಲ್ಲೆ. 2021ರಿಂದ ಮತ್ತೊಂದು ಗಡಿ ಎದ್ದಿದೆ. ಒಂದೇ ಮನೆತನದ ಕಾಗದಗಳು ಎರಡು ಜಿಲ್ಲೆಗಳಲ್ಲಿ ಹಂಚಿಹೋಗಿವೆ.

ಕೊಡಲು ಮನಸ್ಸಿಲ್ಲದವರು ಮನೆಯಲ್ಲೇ ಇಟ್ಟುಕೊಳ್ಳಲಿ, ತಪ್ಪೇನಿಲ್ಲ. ಹೊಲಿಗೆ ಬಿಚ್ಚಬೇಡಿ, ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಒಣಗಿದ ಬೇವಿನೆಲೆ ಹಾಕಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೆದ್ದಲು ಹತ್ತದಂತೆ ನೆಲದಿಂದ ಮೇಲಿಡಿ. ಬಿಡುವಿದ್ದಾಗ ಮೊದಲ ಪುಟದಿಂದ ಕ್ರಮವಾಗಿ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಯಾರ ಮನೆಯದು, ಯಾವ ಊರಿನದು, ಯಾವ ಸಂವತ್ಸರದ್ದು ಎಂದು ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಒಳಗಿಡಿ. ಮೋಡಿ ಬರಹ ಓದಬಲ್ಲ ಹಿರಿಯರು ಕಂಪ್ಲಿಯಲ್ಲಿ, ಹೊಸಪೇಟೆಯಲ್ಲಿ ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಈ ದೀಪಾವಳಿಗೆ ಅಂಗಡಿ ಪೂಜೆ ಮುಗಿದ ಮೇಲೆ ಅಂಥವರೊಬ್ಬರನ್ನು ಮನೆಗೆ ಕರೆದು, ಪುಸ್ತಕ ಮುಂದಿಟ್ಟು, “ಅಜ್ಜಾರ, ಇದನ್ನ ಸ್ವಲ್ಪ ಓದಿ ಹೇಳ್ರಿ” ಎಂದು ಕೇಳಿ. ಅವರು ಓದುವಾಗ ಫೋನಿನಲ್ಲಿ ಧ್ವನಿ ಹಿಡಿದಿಟ್ಟುಕೊಳ್ಳಿ.